ಘಟ್ಟದಾಚೆಯ ಪ್ರಯೋಗಾಲಯ

ಮೈಸೂರಿನ ಕುವೆಂಪುನಗರದಿಂದ ಸುರತ್ಕಲ್‌ಗೆ ಹೋಗಬೇಕೆಂದರೆ ಘಟ್ಟ ಇಳಿಯಬೇಕು. ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಹಗಲಿನ ಪ್ರಯಾಣ. ಅಲ್ಲಿನ ಪ್ರಯೋಗಾಲಯದ ಯಂತ್ರವೊಂದನ್ನು ಚಾಲೂ ಮಾಡಲು ಅಷ್ಟು ದೂರ ಹೋಗಲೇಬೇಕೆ? ಬೇಕಿಲ್ಲ ಎಂಬ ಉತ್ತರದ ಹಿಂದೆ ಹಲವು ದಶಕಗಳ ಇತಿಹಾಸವಿದೆ.

ಉಪಕರಣವೆಂದರೆ ಒಂದು ಕಾಲಕ್ಕೆ ಎದುರಿಗೆ ಕುಳಿತು ಗುಂಡಿ ತಿರುಗಿಸಿ, ಮುಳ್ಳು ನೋಡಿ ಅಂಕಿ ಬರೆದುಕೊಳ್ಳುವ ವಸ್ತು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಇಂಥ ಉಪಕರಣಗಳನ್ನು ಕಂಪ್ಯೂಟರಿಗೆ ಜೋಡಿಸುವ ವಿಧಾನ ರೂಪಿಸಿತು. 1975ರಲ್ಲಿ ಅದು ಐಇಇಇ-488 ಎಂಬ ಮಾನಕವಾಯಿತು. ಒಂದೇ ಸರಣಿಯಲ್ಲಿ 15 ಸಾಧನಗಳನ್ನು ಜೋಡಿಸಬಹುದಿತ್ತು. ಆದರೆ ತಂತಿಯ ಒಟ್ಟು ಉದ್ದ 20 ಮೀಟರ್ ಮೀರುವಂತಿರಲಿಲ್ಲ. ಹೀಗಾಗಿ ಯಂತ್ರವನ್ನು ಆಳುವವರೂ ಅದೇ ಕಟ್ಟಡದಲ್ಲಿರಬೇಕಿತ್ತು.

ಈ ಮಿತಿಯನ್ನು ಮುರಿದದ್ದು ಅಂತರಜಾಲ. 1998ರಲ್ಲಿ ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಹೆಸೂಸ್ ದೆಲ್ ಅಲಾಮೊ, ಟ್ರಾನ್ಸಿಸ್ಟರ್ ಪರೀಕ್ಷಿಸುವ ಉಪಕರಣವನ್ನು ಬ್ರೌಸರ್ ಮೂಲಕ ವಿದ್ಯಾರ್ಥಿಗಳಿಗೆ ತೆರೆದಿಟ್ಟರು. ಎಷ್ಟು ವೋಲ್ಟೇಜ್ ಕೊಡಬೇಕೆಂದು ವಿದ್ಯಾರ್ಥಿ ಪರದೆಯ ಮೇಲೆ ನಮೂದಿಸುತ್ತಾನೆ. ಕೋರಿಕೆ ಸರದಿಯಲ್ಲಿ ನಿಲ್ಲುತ್ತದೆ. ಉಪಕರಣ ಅಳೆದು ಫಲಿತಾಂಶ ಕಳುಹಿಸುತ್ತದೆ. ಒಂದೇ ದುಬಾರಿ ಯಂತ್ರ ನೂರಾರು ಮಂದಿಗೆ ಒದಗುವ ಗುಟ್ಟು ಈ ಸರದಿಯಲ್ಲಿದೆ. 2005ರಲ್ಲಿ ಬಂದ ಎಲ್‌ಎಕ್ಸ್‌ಐ ಮಾನಕದಿಂದ ಉಪಕರಣಕ್ಕೇ ತನ್ನದೊಂದು ವೆಬ್ ಪುಟ ಸಿಕ್ಕಿತು.

ಕರ್ನಾಟಕಕ್ಕೂ ದೂರದ ಯಂತ್ರವನ್ನು ಆಳುವುದು ಹೊಸದೇನಲ್ಲ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. 2001ರಿಂದ ಅದನ್ನು ಬೆಂಗಳೂರು ಬಳಿಯ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುವ ವ್ಯವಸ್ಥೆಯಾಯಿತು. ಅಲ್ಲಿನ ಕೊರೆಯುವ ಚಳಿ, ತೆಳುವಾದ ಗಾಳಿ ಖಗೋಳ ವಿಜ್ಞಾನಿಯನ್ನು ತಟ್ಟುವುದಿಲ್ಲ. ಇಲ್ಲಿ ಬ್ರೌಸರ್‌ನ ಬದಲು ಉಪಗ್ರಹ. ತತ್ವ ಮಾತ್ರ ಅದೇ.

ವಿದ್ಯಾರ್ಥಿಗಳ ಪಾಲಿಗೆ ಈ ಬಾಗಿಲು ತೆರೆದದ್ದು ಕೇಂದ್ರ ಸರ್ಕಾರ 2009ರಲ್ಲಿ ಆರಂಭಿಸಿದ ರಾಷ್ಟ್ರೀಯ ಶಿಕ್ಷಣ ಯೋಜನೆಯಡಿ ರೂಪುಗೊಂಡ ‘ವರ್ಚುವಲ್ ಲ್ಯಾಬ್ಸ್’. ಐಐಟಿ ದೆಹಲಿ ನೇತೃತ್ವದ ಈ ಕೂಟದಲ್ಲಿ ಸುರತ್ಕಲ್‌ನ ಎನ್‌ಐಟಿಕೆಯೂ ಸೇರಿತು. ಯಾಂತ್ರಿಕ ಕಂಪನದ ಅಧ್ಯಯನಕ್ಕಾಗಿ, ದೂರದಿಂದಲೇ ಚಾಲನೆ ನೀಡಬಹುದಾದ ಪ್ರಯೋಗಗಳು ಅಲ್ಲಿ ಸಿದ್ಧವಾದವು.

ಈ ಯೋಜನೆಯ ಪ್ರಯೋಗಗಳಲ್ಲಿ ಎರಡು ಬಗೆ. ಒಂದರಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿ ಪ್ರಯೋಗದ ಅನುಕರಣೆ ತೋರಿಸುತ್ತದೆ. ಇನ್ನೊಂದರಲ್ಲಿ ನಿಜವಾದ ಲೋಹದ ಪಟ್ಟಿ ಅಲುಗುತ್ತದೆ, ನಿಜವಾದ ಸಂವೇದಕ ಅಳೆಯುತ್ತದೆ. ಅನುಕರಣೆಯಲ್ಲಿ ಉತ್ತರ ಸೂತ್ರದಂತೆಯೇ ಬರುತ್ತದೆ. ನಿಜ ಯಂತ್ರದಲ್ಲಿ ಸಡಿಲ ಬಿಗಿತವೂ ವಿದ್ಯುತ್ತಿನ ಗದ್ದಲವೂ ಅಂಕಿಯೊಳಗೆ ಬೆರೆಯುತ್ತವೆ. ಸೂತ್ರಕ್ಕೂ ಅಳತೆಗೂ ಏಕೆ ಹೊಂದಿಕೆಯಾಗಲಿಲ್ಲ ಎಂದು ಯೋಚಿಸುವಾಗಲೇ ವಿದ್ಯಾರ್ಥಿ ಎಂಜಿನಿಯರ್ ಆಗುವುದು.

ಆದರೂ ಅನುಕರಣೆಗಳೇ ಸಂಖ್ಯೆಯಲ್ಲಿ ಹೆಚ್ಚು. ಕಾರಣ ಸರಳ: ಒಮ್ಮೆ ಬರೆದಿಟ್ಟ ಅನುಕರಣೆ ಸವೆಯುವುದಿಲ್ಲ, ನಿಜ ಯಂತ್ರ ಸವೆಯುತ್ತದೆ. ಹಾನ್ಲೆಯ ದೂರದರ್ಶಕವನ್ನು ನೋಡಿಕೊಳ್ಳಲು ಬೆಟ್ಟದಲ್ಲೂ ಸಿಬ್ಬಂದಿ ಬೇಕು. ಸಲಕರಣೆಗಳಿಲ್ಲದ ಸಣ್ಣ ಕಾಲೇಜುಗಳಿಗೆ ದೂರದ ಪ್ರಯೋಗಾಲಯ ದೊಡ್ಡ ವರವೇ ಸರಿ. ಆದರೆ ಆ ವರ ಉಳಿಯುವುದು ಬ್ರೌಸರ್‌ನಿಂದಲ್ಲ. ಕುವೆಂಪುನಗರದಲ್ಲಿ ಕುಳಿತವರು ಪರದೆಯ ಮೇಲೆ ಗುಂಡಿ ಒತ್ತುವ ಮೊದಲು, ಘಟ್ಟದ ಕೆಳಗೆ ಯಾರಾದರೂ ಯಂತ್ರದ ತಿರುಪು ಬಿಗಿಮಾಡಿ, ಅದನ್ನು ಸಜ್ಜುಗೊಳಿಸಿ ಇಟ್ಟಿರಬೇಕು.