ಕನ್ನದ ಆರೋಪ: ಮದೀನಾದಿಂದ ನಮ್ಮ ಸೀಮೆಯವರೆಗೆ

ಸೂರಃ ಅನ್ನಿಸಾದ 105ರಿಂದ 112ರವರೆಗಿನ ಆಯತ್‌ಗಳ ಹಿಂದೆ ಒಂದು ಕನ್ನಗಳವಿನ ಪ್ರಕರಣವಿದೆ. ತಫ್ಸೀರ್‌ಗಳ ಪ್ರಕಾರ ಮದೀನಾದಲ್ಲಿ ಅನ್ಸಾರಿಯೊಬ್ಬರ ಮನೆಯಿಂದ ಯುದ್ಧಕವಚ ಕಳವಾಯಿತು. ಕದ್ದವನು ಮುಸ್ಲಿಮನೆನಿಸಿಕೊಂಡಿದ್ದ. ಅವನು ಮಾಲನ್ನು ಯಹೂದಿಯೊಬ್ಬನ ಮನೆಯಲ್ಲಿರಿಸಿ ಅವನ ಮೇಲೆ ಆರೋಪ ಹೊರಿಸಿದ. ಕುಲದವರು ತಮ್ಮವನ ಪರವೇ ವಾದಿಸಿದರು. ಆಗ ಅವತೀರ್ಣವಾದ ವಚನಗಳು ಯಹೂದಿಯನ್ನು ನಿರ್ದೋಷಿಯೆಂದು ಸಾರಿದವು. ವಂಚಕರ ಪರ ವಾದಿಸುವುದನ್ನು ತಡೆದವು. ಮುಂದೆ ಫುಖಹಾಗಳು ಸಂಶಯವಿದ್ದರೆ ಹದ್ದ್ ಶಿಕ್ಷೆ ಇಲ್ಲವೆಂಬ ನಿಯಮವನ್ನು ಗಟ್ಟಿಗೊಳಿಸಿದರು. ಬರಗಾಲದಲ್ಲಿ ಹಝ್ರತ್ ಉಮರ್(ರ) ಕಳವಿನ ಹದ್ದನ್ನು ತಡೆಹಿಡಿದರು.

ತುಕ್ಕಾನಟ್ಟಿ, ಗೋಕಾಕ ಸೀಮೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಈ ನ್ಯಾಯ ತಲೆಕೆಳಗಾದ ಕಾಲವೂ ಇತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಜನರನ್ನು ಕಳ್ಳರೆಂದು ಗುರುತಿಸಿತು. 1911ರ ತಿದ್ದುಪಡಿಯ ನಂತರ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಸೆಟ್ಲಮೆಂಟ್‌ಗಳು ಎದ್ದವು. ಅಲ್ಲಿದ್ದವರು ಹಾಜರಿ ಕೊಡಬೇಕು, ಅನುಮತಿಯಿಲ್ಲದೆ ಊರು ಬಿಡುವಂತಿಲ್ಲ. ಗಂಟಿಚೋರ್ ಸಮುದಾಯಕ್ಕಂತೂ ಹೆಸರಿನಲ್ಲೇ ಕಳಂಕ ಅಂಟಿತು. ದೇಶದಾದ್ಯಂತ ಈ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು.

ಇಂದಿನ ಕಾನೂನು ಕಠಿಣವಾಗಿಯೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಪ್ರಕಾರ ವಾಸದ ಮನೆಯಲ್ಲಿ ಕಳವಿಗೆ 7 ವರ್ಷದವರೆಗೆ ಸಜೆ. ಕಳವು ಮಾಡಲೆಂದು ರಾತ್ರಿ ಕನ್ನ ಹಾಕಿ ಮನೆ ನುಗ್ಗಿದರೆ 331(4)ನೇ ಕಲಂನಡಿ 14 ವರ್ಷದವರೆಗೆ. ಎರಡರಲ್ಲೂ ದಂಡವೂ ಉಂಟು.

ಆದರೆ ಆರೋಪವನ್ನು ಸಾಬೀತು ಮಾಡಬೇಕಾದವರು ಸರಕಾರದ ಕಡೆಯವರು. ಅಪ್ರಾಮಾಣಿಕ ಉದ್ದೇಶವಿಲ್ಲದೆ, ತನ್ನದೇ ವಸ್ತುವೆಂದು ಪ್ರಾಮಾಣಿಕವಾಗಿ ನಂಬಿ ಒಯ್ದದ್ದು ಕಳವಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು. ಅದರಿಂದ ಮಾಲು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದ ಮಾತಷ್ಟೇ ನಿಲ್ಲುತ್ತದೆ. ಕಳವಾದ ಸ್ವಲ್ಪದರಲ್ಲೇ ಮಾಲು ಯಾರ ಕೈಯಲ್ಲಿ ಸಿಕ್ಕಿತೋ ಅವರು ವಿವರಣೆ ಕೊಡದಿದ್ದರೆ, ಕದ್ದವರೆಂದೋ ಕಳವಿನ ಮಾಲೆಂದು ತಿಳಿದೇ ಪಡೆದವರೆಂದೋ ಕೋರ್ಟು ಊಹಿಸಬಹುದು. ಆದ್ದರಿಂದ ಹಳೆಯ ಮೊಬೈಲು, ಬೈಕು, ಬಂಗಾರ ಕೊಳ್ಳುವಾಗ ರಸೀದಿ ಇರಲಿ. ಬಂಧಿಸಿದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಕಸ್ಟಡಿಯಲ್ಲಿರುವವರಿಗೆ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ನಮ್ಮ ಮೊಹಲ್ಲಾದ ಹುಡುಗನೊಬ್ಬನನ್ನು ಪೊಲೀಸರು ಕರೆದೊಯ್ದರೆ ಜಮಾಅತ್ ಮಾಡಬೇಕಾದದ್ದು ಮೊದಲು ವಕೀಲರನ್ನು ಗೊತ್ತು ಮಾಡುವುದು. ತೀರ್ಪಿಗೆ ಮುಂಚೆ ಅವನ ಮನೆಯವರೊಡನೆ ಸಂಬಂಧ ಕಡಿಯುವುದು ಬೇಡ. ಕದ್ದದ್ದು ನಿಜವಾದರೆ ನಮ್ಮವನೆಂದು ಮುಚ್ಚಿಡುವುದೂ ಬೇಡ. ಮಾಲು ಹಿಂದಿರುಗಿಸದೆ ತೌಬಾ ಪೂರ್ಣವಾಗದು. ಮದೀನಾದ ಆ ಕುಲದವರು ಎಡವಿದ್ದು ಇಲ್ಲೇ.