ನಿಲುಗಡೆಯಲ್ಲಿ ಚಾರ್ಜ್ ನಷ್ಟ

ಎಲೆಕ್ಟ್ರಿಕ್ ಕಾರು ಓಡದೆ ನಿಂತಿರುವಾಗ, ಎಷ್ಟೋ ಸಲ ಚಾರ್ಜರ್‌ಗೆ ಜೋಡಿಸಿದ್ದಾಗಲೂ, ಬ್ಯಾಟರಿಯ ಮಟ್ಟ ಇಳಿಯುವುದು. ಲಿಥಿಯಂ-ಅಯಾನ್ ಕೋಶಗಳು ತಾವಾಗಿ ಕಳೆದುಕೊಳ್ಳುವ ಚಾರ್ಜ್ ತಿಂಗಳಿಗೆ ಶೇಕಡಾ ಕೆಲವೇ ಅಂಶ. ಹಾಗಾಗಿ ಇಲ್ಲಿ ದೂರಬೇಕಾದದ್ದು ರಸಾಯನವನ್ನಲ್ಲ, ಕಾರಿನ ಎಲೆಕ್ಟ್ರಾನಿಕ್ಸನ್ನು. 12 ವೋಲ್ಟ್‌ನ ಸಹಾಯಕ ಬ್ಯಾಟರಿಯನ್ನು ತುಂಬುವುದು, ಮೊಬೈಲ್ ಆ್ಯಪ್‌ನ ಕರೆಗೆ ಓಗೊಡುವುದು, ಕೋಶಗಳ ತಾಪಮಾನ ಕಾಯುವುದು, ಇವಕ್ಕೆಲ್ಲ ಮುಖ್ಯ ಬ್ಯಾಟರಿಯೇ ಆಸರೆ. ಟೆಸ್ಲಾ ಕೈಪಿಡಿ ದಿನಕ್ಕೆ ಸುಮಾರು ಶೇ. 1ರಷ್ಟು ಇಳಿಕೆಯನ್ನು ಸಹಜವೆನ್ನುತ್ತದೆ. ಕ್ಯಾಮೆರಾಗಳನ್ನು ಎಚ್ಚರವಾಗಿಡುವ ಸೆಂಟ್ರಿ ಮೋಡ್ ಚಾಲೂ ಇದ್ದರೆ ಇಳಿಕೆ ಇನ್ನೂ ಹೆಚ್ಚು, ಮಟ್ಟ ಶೇ. 20ಕ್ಕಿಂತ ಕೆಳಗಿಳಿದಾಗ ಆ ಕಾವಲು ತಾನೇ ನಿಲ್ಲುತ್ತದೆ.

ಪ್ಲಗ್ ಸಿಕ್ಕಿಸಿದ ಮಾಲೀಕರನ್ನು ಗೊಂದಲಕ್ಕೆ ನೂಕುವುದು ಬೇರೆಯೇ ಸಂಗತಿ. ನಿಗದಿತ ಮಿತಿ, ಉದಾಹರಣೆಗೆ ಶೇ. 80, ಮುಟ್ಟಿದೊಡನೆ ಕಾರು ಹೊರಗಿನ ವಿದ್ಯುತ್ ಸೆಳೆಯುವುದನ್ನು ನಿಲ್ಲಿಸುತ್ತದೆ. ಆಮೇಲಿನ ಚಿಲ್ಲರೆ ಖರ್ಚು ಬ್ಯಾಟರಿಯದೇ. ಮಟ್ಟ ಕೆಲವು ಅಂಶ ಕುಸಿದ ಮೇಲಷ್ಟೇ ಚಾರ್ಜಿಂಗ್ ಮರಳಿ ಶುರುವಾಗುತ್ತದೆ. ಈ ಅಂತರ ದೋಷವಲ್ಲ: ಹೈ-ವೋಲ್ಟೇಜ್ ಸ್ವಿಚ್‌ಗಳು ಪದೇ ಪದೇ ತೆರೆದು ಮುಚ್ಚಿ ಸವೆಯುವುದನ್ನು ಅದು ತಪ್ಪಿಸುತ್ತದೆ. ನಿಜವಾದ ನಷ್ಟವಲ್ಲದ ಇಳಿಕೆಯೂ ಉಂಟು. ಕೊರೆವ ಚಳಿಯಲ್ಲಿ ಶಕ್ತಿಯ ಒಂದು ಭಾಗ ಬಳಕೆಗೆ ಸಿಗದೆ ಪರದೆಯ ಅಂಕಿ ತಗ್ಗುತ್ತದೆ. ಬ್ಯಾಟರಿ ಬೆಚ್ಚಗಾದರೆ ಅದು ಮರಳುತ್ತದೆ.