ಸಹಜ ರೋಗರಕ್ಷಣೆಯ ಗ್ರಾಹಕಗಳೂ ರೋಗಿಗಳ ದಾಖಲೆಯೂ: ಕಾರವಾರ-ಅಂಕೋಲೆಗಳನ್ನು ಕುರಿತು ಒಂದು ವಿಚಾರ

ರೋಗದ ಮುಂದಿನ ಗತಿಯನ್ನು ತಿಳಿಸುವ ಲಕ್ಷಣವನ್ನು ಮುನ್ಸೂಚಕವೆನ್ನಬಹುದು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಸಹಜ ರೋಗರಕ್ಷಣೆಯ ಗ್ರಾಹಕಗಳು ಇಂತಹ ಮುನ್ಸೂಚಕಗಳಾಗಬಲ್ಲವೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಈಚಿನ ದಶಕಗಳಲ್ಲಿ ಪರಿಶೀಲಿಸುತ್ತ ಬಂದಿದ್ದಾರೆ. ಪ್ರಶ್ನೆಯು ಪ್ರಯೋಗಶಾಲೆಗೆ ಸೇರಿದುದೆಂದು ತೋರಿದರೂ ಅದರ ಉತ್ತರವು ಬಹುಮಟ್ಟಿಗೆ ದಾಖಲೆಗಳನ್ನೇ ಅವಲಂಬಿಸಿದೆ. ಆದುದರಿಂದ ಅದು ಇತಿಹಾಸದ ವಿದ್ಯಾರ್ಥಿಗೂ ವಿಚಾರಾರ್ಹವಾದುದು.

1882ರಲ್ಲಿ ಮೆಚ್ನಿಕಾಫನು ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗಳನ್ನು ಪರೀಕ್ಷಿಸಿ, ಹೊರಗಿನ ವಸ್ತುವನ್ನು ಮುತ್ತಿ ನುಂಗುವ ಜೀವಕೋಶಗಳನ್ನು ಗುರುತಿಸಿದನು. ಆ ಜೀವಕೋಶಗಳು ಶತ್ರುವನ್ನು ಅರಿಯುವ ಬಗೆಯು ಮಾತ್ರ ಶತಮಾನದವರೆಗೆ ಅಸ್ಪಷ್ಟವಾಗಿಯೇ ಉಳಿಯಿತು. 1989ರಲ್ಲಿ ಜೇನ್‌ವೇ, ಸೂಕ್ಷ್ಮಜೀವಿಗಳ ಸಾಮಾನ್ಯ ಲಕ್ಷಣಗಳನ್ನು ಗುರುತಿಸುವ ಗ್ರಾಹಕಗಳು ಇರಬೇಕೆಂದು ಪ್ರತಿಪಾದಿಸಿದರು. 1996ರಲ್ಲಿ ಹಾಫ್‌ಮನ್ ಮತ್ತು ಸಂಗಡಿಗರು ಹಣ್ಣಿನ ನೊಣವು ಶಿಲೀಂಧ್ರವನ್ನು ಎದುರಿಸಲು ಟೋಲ್ ಎಂಬ ಜೀನು ಅಗತ್ಯವೆಂದು ತೋರಿಸಿದರು. 1998ರಲ್ಲಿ ಬಾಯ್ಟ್ಲರ್ ಅವರ ತಂಡವು ಇಲಿಗಳಲ್ಲಿ ತತ್ಸದೃಶವಾದ ಗ್ರಾಹಕವನ್ನು ಗುರುತಿಸಿತು. 2011ರ ನೊಬೆಲ್ ಪಾರಿತೋಷಕದ ಅರ್ಧಭಾಗವು ಇವರಿಬ್ಬರಿಗೆ ಸಂದಿತು. ಮನುಷ್ಯನಲ್ಲಿ ಈ ಬಗೆಯ ಗ್ರಾಹಕಗಳು ಹತ್ತು.

ಶ್ವಾಸಕೋಶದಲ್ಲಿ ಇವುಗಳ ವರ್ತನೆ ಏಕರೂಪವಾದುದಲ್ಲ. ರಕ್ಷಕ ಜೀವಕೋಶದ ಮೇಲಿರುವ ಗ್ರಾಹಕವು ದೇಹವನ್ನು ಎಚ್ಚರಿಸುತ್ತದೆ. ಅದೇ ಗ್ರಾಹಕವು ಕ್ಯಾನ್ಸರಿನ ಜೀವಕೋಶದ ಮೇಲಿದ್ದರೆ ಉರಿಯೂತವನ್ನು ಪೋಷಿಸಿ ಗಡ್ಡೆಯ ಬೆಳವಣಿಗೆಗೇ ನೆರವಾಗಬಹುದು. ಒಂಬತ್ತನೆಯ ಗ್ರಾಹಕವನ್ನು ಉತ್ತೇಜಿಸುವ ಔಷಧವೊಂದನ್ನು ಕೀಮೋಥೆರಪಿಯೊಡನೆ ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಗಳಲ್ಲಿ ಶ್ವಾಸಕೋಶದ ರೋಗಿಗಳ ಆಯುಷ್ಯವು ಹೆಚ್ಚಲಿಲ್ಲ. ಶಾಸನವು ದೊರೆತ ಸ್ಥಳವನ್ನು ತಿಳಿಯದೆ ಅದರ ಅರ್ಥವನ್ನು ನಿರ್ಣಯಿಸಲಾಗದಂತೆ, ಗ್ರಾಹಕವು ಯಾವ ಜೀವಕೋಶದ ಮೇಲೆ, ರೋಗದ ಯಾವ ಹಂತದಲ್ಲಿ ಕಂಡಿತೆಂಬುದನ್ನು ತಿಳಿಯದೆ ಅದರ ಸೂಚನೆಯನ್ನು ಓದಲಾಗದು.

ಮುನ್ಸೂಚಕವನ್ನು ಸಿದ್ಧಪಡಿಸುವ ಕ್ರಮವೂ ಗಮನಾರ್ಹವಾದುದು. ರೋಗ ಪತ್ತೆಯಾದಾಗ ತೆಗೆದ ಅಂಗಾಂಶದಲ್ಲಿ ಗ್ರಾಹಕವನ್ನು ಅಳೆದು, ಬಳಿಕ ರೋಗಿಯು ಎಷ್ಟು ಕಾಲ ಬದುಕಿದನೆಂಬುದನ್ನು ವರ್ಷಗಟ್ಟಲೆ ನೋಡಬೇಕು. ನಡುವೆ ಅನೇಕರ ಸುಳಿವು ತಪ್ಪಿದರೆ ತೀರ್ಮಾನವೂ ತಪ್ಪುತ್ತದೆ.

ಈ ದೃಷ್ಟಿಯಿಂದ ಕಾರವಾರ-ಅಂಕೋಲೆಗಳ ಇತಿಹಾಸವನ್ನು ನೋಡೋಣ. ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 1941ರಲ್ಲಿ ಆರಂಭವಾದಾಗ ಈ ಜಿಲ್ಲೆಯು ಆ ಪ್ರಾಂತದಲ್ಲಿಯೇ ಇತ್ತು; 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 1963ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಕ್ಯಾನ್ಸರ್ ನೋಂದಣಿಯು ಆ ನಗರದ ಜನರನ್ನು ಕುರಿತದ್ದು. 1982ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಆರಂಭವಾದುದು ಬೆಂಗಳೂರಿನ ಜನರನ್ನು ಕುರಿತದ್ದು. ಹೀಗೆ ಈ ಕರಾವಳಿಯ ಜನರು ಎರಡು ರಾಜಧಾನಿಗಳ ಆಡಳಿತವನ್ನು ಕಂಡರೂ ಎರಡೂ ನೋಂದಣಿಗಳ ಹೊರಗುಳಿದರು. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ವಿದ್ಯಾಲಯವು ಆರಂಭವಾದದ್ದು 2016ರಲ್ಲಿ.

ಇಲ್ಲಿಯ ರೋಗಿಯು ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವೆಗೆ ಚಿಕಿತ್ಸೆಗೆಂದು ಹೋದರೆ ಅವನ ಅಂಗಾಂಶವು ಆ ಊರಿನಲ್ಲಿ ಉಳಿಯುತ್ತದೆ. ಮನೆಗೆ ಮರಳಿ ತೀರಿಕೊಂಡರೆ ಮರಣದ ದಿನಾಂಕವು ಸ್ವಂತ ಗ್ರಾಮದ ಪುಸ್ತಕದಲ್ಲಿ ದಾಖಲಾಗುತ್ತದೆ. ಒಂದರಲ್ಲಿ ಗ್ರಾಹಕದ ಸಾಕ್ಷ್ಯವಿದೆ, ಇನ್ನೊಂದರಲ್ಲಿ ಆಯುಷ್ಯದ ಸಾಕ್ಷ್ಯವಿದೆ. ಇವೆರಡನ್ನೂ ಹೊಂದಿಸುವ ಕಾರ್ಯವು ಕಾರವಾರದಲ್ಲಿ ಕ್ರಮಬದ್ಧವಾಗಿ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ. ಹಾಗಾಗದ ಹೊರತು ಅಂಕೋಲೆಯ ರೋಗಿಗೆ ಅವನ ಮುಂದಿನ ಗತಿಯನ್ನು ಪರಸ್ಥಳದವರ ಅನುಭವದಿಂದಲೇ ಊಹಿಸಿ ಹೇಳಬೇಕಾಗುತ್ತದೆ.